ಮೊಸರನ್ನದಲ್ಲಿ ಕೂದಲು

ಹೋದ ತಿಂಗಳು ಒಂದು ಮಧ್ಯಾಹ್ನ, ತಟ್ಟೆಯಲ್ಲಿದ್ದ ಮೊಸರನ್ನದ ಮೇಲೆ ಕೂದಲು ಕಂಡಿತು. ಉದ್ದನೆಯದು, ತುದಿಯಲ್ಲಿ ಸ್ವಲ್ಪ ಸುರುಳಿ ಸುತ್ತಿಕೊಂಡದ್ದು. ಎರಡು ಬೆರಳಲ್ಲಿ ಹಿಡಿಯಹೋದೆ, ಪಕ್ಕಕ್ಕೆ ಜಾರಿತು. ಮತ್ತೆ ಹಿಡಿಯಹೋದೆ. ಅದು ತಟ್ಟೆ ದಾಟಿ, ಟೇಬಲ್ಲು ದಾಟಿ, ಎದುರಿಗಿದ್ದ ಸುಣ್ಣದ ಗೋಡೆಯ ಮೇಲೆ ಹೋಗಿ ನಿಂತಿತು. ಅನ್ನದ ಕೂದಲಲ್ಲ, ನನ್ನ ಕಣ್ಣಿನದು ಎಂದು ಆಗ ಹೊಳೆಯಿತು. ಹೊಳೆಯುವ ಹೊತ್ತಿಗೆ ಬಾಯಿ ತೆರೆದುಬಿಟ್ಟಿದ್ದೆ. ಏನು ಬೇಕಿತ್ತು ಎಂದು ಹೆಂಡತಿ ಕೇಳಿದಳು. ಉಪ್ಪು ಎಂದೆ. ತಂದಿಟ್ಟಳು. ಸರಿಯಾಗಿಯೇ ಇದ್ದ ಮೊಸರನ್ನಕ್ಕೆ ಮೇಲಷ್ಟು ಉಪ್ಪು ಹಾಕಿಕೊಂಡು, ಮುಖ ಕಿವುಚದೆ ತಿಂದೆ.

ಈ ಕಾಟ ಶುರುವಾಗಿ ಕೆಲವು ತಿಂಗಳಾಗಿದೆ. ಮೊದಲು ಸೊಳ್ಳೆ ಅಂದುಕೊಂಡೆ. ವಿದ್ಯಾರಣ್ಯಪುರದಲ್ಲಿ ಸೊಳ್ಳೆಗೇನು ಬರ? ಕಣ್ಣ ಮುಂದೆ ಹಾರಿದಾಗಲೆಲ್ಲ ಚಪ್ಪಾಳೆ ಹೊಡೆದೆ. ಸಾಯಲಿಲ್ಲ. ಪಕ್ಕದ ಮನೆಯವರು ನಮ್ಮಲ್ಲಿ ಭಜನೆ ಶುರುವಾಗಿದೆಯೇ ಎಂದು ವಿಚಾರಿಸಿದರು. ಆಮೇಲೆ ಸೊಳ್ಳೆಯ ಜೊತೆಗೆ ಒಂದು ಜೇಡನ ಬಲೆ ಬಂತು, ಎರಡು ಸಾಸಿವೆ ಕಾಳು ಬಂದವು, ಕಡೆಗೆ ಈ ಕೂದಲು. ನಾನು ಮೊದಲೇ ಕೆಮ್ಮು ಬಂದರೆ ಕ್ಷಯ, ತಲೆ ನೋವು ಬಂದರೆ ಗೆಡ್ಡೆ ಎಂದು ಲೆಕ್ಕ ಹಾಕುವ ಪೈಕಿ. ಆರ್.ಟಿ. ನಗರದಲ್ಲಿರುವ ಕಣ್ಣಿನ ಡಾಕ್ಟರ ಬಳಿಗೆ ಓಡಿದೆ.

ಕಣ್ಣಿನೊಳಗೆ ಮೊಟ್ಟೆಯ ಬಿಳಿಯಂಥ ಒಂದು ಲೋಳೆ ಇರುತ್ತದಂತೆ. ವಯಸ್ಸಾದಂತೆ ಅದು ನೀರಾಗಿ, ಅದರ ಎಳೆಗಳು ಬಿಟ್ಟುಕೊಂಡು ತೇಲಾಡುತ್ತವಂತೆ. ನಮಗೆ ಕಾಣುವುದು ಅವುಗಳ ನೆರಳು. ಬಿಳಿ ಗೋಡೆ, ಆಕಾಶ, ಹಾಳೆ, ಇಂಥದ್ದರ ಮೇಲೆ ಹೆಚ್ಚು ಎದ್ದು ಕಾಣುತ್ತದೆ. ಅಪಾಯವೇನಿಲ್ಲ, ರೂಢಿ ಮಾಡ್ಕೊಳ್ಳಿ ಎಂದರು. ಆದರೆ ಮಿಂಚು ಹೊಡೆದ ಹಾಗೆ ಕಂಡರೆ, ಪರದೆ ಇಳಿಬಿಟ್ಟ ಹಾಗಾದರೆ ಆ ಕ್ಷಣವೇ ಬರಬೇಕು ಎಂದೂ ಸೇರಿಸಿದರು. ನನ್ನಂಥವನಿಗೆ ಹೇಳುವ ಮಾತೇ ಅದು? ಅಂದಿನಿಂದ ಎದುರಿಗೆ ಬರುವ ಪ್ರತಿ ಸ್ಕೂಟರಿನ ದೀಪವೂ ನನಗೆ ಮಿಂಚೇ.

ಚಿಕಿತ್ಸೆ ಇಲ್ಲವೇ ಎಂದು ಕೇಳಿದೆ. ಇದೆಯಂತೆ. ಲೇಸರ್ ಹೊಡೆದು ಆ ಎಳೆಗಳನ್ನು ಪುಡಿ ಮಾಡಬಹುದು. ಪೂರ್ತಿ ಹೋಗುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಇಲ್ಲವಾದರೆ ಕಣ್ಣೊಳಗಿನ ಲೋಳೆಯನ್ನೇ ತೆಗೆಯುವ ದೊಡ್ಡ ಆಪರೇಷನ್. ಆಮೇಲೆ ಪೊರೆ ಬೇಗ ಬರಬಹುದು, ಕೆಲವರಿಗೆ ಇರುವ ನೋಟಕ್ಕೂ ಪೆಟ್ಟು ಬೀಳಬಹುದು. “ನಿಮಗೆ ಇದರಿಂದ ಎಷ್ಟು ತೊಂದರೆ ಆಗ್ತಿದೆ, ಹೇಳಿ. ಅದರ ಮೇಲೆ ತೀರ್ಮಾನ ಮಾಡೋಣ” ಎಂದರು ಡಾಕ್ಟರು. ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದಿದ್ದೆ. ಯೋಚಿಸುವುದೊಂದು ನನಗೆ ಚೆನ್ನಾಗಿ ಬರುತ್ತದೆ.

ಆ ಮಧ್ಯಾಹ್ನ ಉಪ್ಪುಪ್ಪಾದ ಮೊಸರನ್ನ ನುಂಗುತ್ತಿರುವಾಗ ನೆನಪಾದವರು ಯಶವಂತಪುರದ ಅಕ್ಕ...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ರೈಲು ನಿಲ್ದಾಣದಿಂದ ಕೂಗಳತೆಯಲ್ಲಿದ್ದ ಒಂದು ಹೆಂಚಿನ ಮನೆಯಲ್ಲಿ, ಹಿತ್ತಿಲಿನ ಎರಡು ಕೋಣೆಗಳನ್ನು ನಮ್ಮಂಥ ಮದುವೆಯಾಗದ ನಾಲ್ವರಿಗೆ ಬಾಡಿಗೆಗೆ ಕೊಟ್ಟಿದ್ದರು. ಊಟವೂ ಅಲ್ಲೇ. ಮನೆಯ ಯಜಮಾನರು ಹೆಸರಘಟ್ಟದ ಕಡೆಯವರು, ಊರು ಬಿಟ್ಟು ಬಂದು ಪೇಟೆಯವರಾಗಿದ್ದವರು. ಪೇಟೆಯವರಾದದ್ದಕ್ಕೆ ಅವರು ಕೊಡುತ್ತಿದ್ದ ಗುರುತು ಒಂದೇ: ಮುದ್ದೆ ಬಿಟ್ಟಿದ್ದರು. ಎರಡು ಹೊತ್ತೂ ಬಿಳಿ ಅನ್ನ, ಕೊನೆಗೆ ಗಟ್ಟಿ ಮೊಸರು. ಹೆಂಡತಿ ತೀರಿಕೊಂಡಿದ್ದರು. ಒಬ್ಬನೇ ಮಗ, ಗೂಡ್ಸ್ ಶೆಡ್ಡಿನಲ್ಲಿ ಕೆಲಸ; ತಂದೆ ಕೆಮ್ಮಿದರೆ ತಾನು ಎದೆ ಹಿಡಿದುಕೊಳ್ಳುವಂಥ ಮಗ. ಆ ಮಗನ ಹೆಂಡತಿಯೇ ಅಕ್ಕ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ.

ಮದುವೆಯಾಗಿ ವರ್ಷಗಳಾಗಿದ್ದರೂ ಅಕ್ಕನಿಗೆ ಮಕ್ಕಳಿರಲಿಲ್ಲ. ಆಕೆಗೆ ಇದ್ದದ್ದು ಕೂದಲು. ಮೊಣಕಾಲು ಮುಟ್ಟುವಂಥದ್ದು. ಶುಕ್ರವಾರ ಸೀಗೆಕಾಯಿ ಹಚ್ಚಿ ಎರೆದುಕೊಂಡು, ಹಿತ್ತಿಲಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ತುಂಬ ಕೂದಲು ಹರಡಿಕೊಂಡು ಕೂರುತ್ತಿದ್ದರು. ಗೂಡ್ಸ್ ರೈಲು ಹೊಗೆ ಬಿಟ್ಟುಕೊಂಡು ಹೋದರೆ, ಈಗಿನ್ನೂ ಎರೆದುಕೊಂಡಿದ್ದೀನಿ, ಇವನ ಮನೆ ಹಾಳಾಗ ಎಂದು ಡ್ರೈವರನನ್ನು ಬಯ್ಯುತ್ತಿದ್ದರು. ಬಯ್ಯುವಾಗಲೂ ನಗು. ಆ ಸಾಂಬ್ರಾಣಿ, ಸೀಗೆಕಾಯಿ, ಕಲ್ಲಿದ್ದಲು ಮೂರೂ ಸೇರಿದ ವಾಸನೆ...

ಮೊದಲ ಸಲ ಯಜಮಾನರಿಗೆ ಕೂದಲು ಕಂಡ ದಿನ ನಾವೆಲ್ಲ ಸಾಲಿನಲ್ಲಿ ಊಟಕ್ಕೆ ಕೂತಿದ್ದೆವು. ಅವರು ಅನ್ನದಲ್ಲಿ ಬೆರಳಾಡಿಸಿ, ಇಲ್ಲೇ ಇತ್ತು ಎಂದರು. ಹುಡುಕಿದರು, ಸಿಗಲಿಲ್ಲ. ಆ ಮನೆಯಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಕೂದಲು ಕಂಡ ಅನ್ನಕ್ಕೆ ಒಂದು ತೊಟ್ಟು ತುಪ್ಪ ಬಿಟ್ಟರೆ ದೋಷ ಕಳೆಯಿತು, ಊಟ ಮುಂದುವರಿಸಬಹುದು. ಅಕ್ಕ ತುಪ್ಪ ತಂದು ಬಿಟ್ಟರು. ನಮಗೂ ಸ್ವಲ್ಪ ಕೂದಲು ಕಂಡಿದೆ ಅಕ್ಕ ಎಂದು ನನ್ನ ಕೋಣೆಯ ಜೊತೆಗಾರ ತಟ್ಟೆ ಒಡ್ಡಿದ. ಎಲ್ಲರೂ ನಕ್ಕೆವು. ಯಜಮಾನರೂ ನಕ್ಕರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಮೊಸರಿನಲ್ಲಿ ಕಂಡಿತು. ಅದರ ಮಾರನೇ ದಿನ ಮತ್ತೆ. ಆಮೇಲಾಮೇಲೆ ತುಪ್ಪಕ್ಕೆ ದೋಷ ಕಳೆಯುವ ಶಕ್ತಿ ಸಾಲದೆ, ಯಜಮಾನರು ಊಟ ಬಿಟ್ಟು ಏಳತೊಡಗಿದರು. ಮಾವ ಹಸಿದುಕೊಂಡು ಎದ್ದ ಮನೆಯಲ್ಲಿ ಸೊಸೆ ಉಣ್ಣುವ ಹಾಗಿಲ್ಲ. ಅಕ್ಕ ಅಡಿಗೆ ಮಾಡುವಾಗ ತಲೆಗೆ ಒದ್ದೆ ಬಟ್ಟೆ ಬಿಗಿದರು. ಬಡಿಸುವಾಗ ಸೆರಗು ಹೊದ್ದು, ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಶುಕ್ರವಾರದ ಎರೆದುಕೊಳ್ಳುವುದನ್ನು ಮನೆಯಿಂದ ಆಚೆ, ಬಾವಿಯ ಕಡೆಗೆ ಸಾಗಿಸಿದರು. ಅನ್ನ ಬಸಿದ ಮೇಲೆ ಅದನ್ನು ಮೊರದ ಮೇಲೆ ಹರಡಿ, ಅಗುಳು ಅಗುಳು ನೋಡಿ, ಆಮೇಲೆ ಬಡಿಸುವುದನ್ನು ನಾನೇ ಕಂಡಿದ್ದೇನೆ. ಆದರೂ ಕಂಡಿತು.

ಈಗ ಯೋಚಿಸಿದರೆ ಒಂದು ವಿಷಯ ಹೊಳೆಯುತ್ತದೆ. ಹುಳಿಯಲ್ಲಿ ಯಾವತ್ತೂ ಕೂದಲು ಇರಲಿಲ್ಲ. ಹುರುಳಿ ಸಾರಿನಲ್ಲಿ ಇರಲಿಲ್ಲ, ಬದನೆಕಾಯಿಯಲ್ಲಿ ಇರಲಿಲ್ಲ. ಬಿಳಿಯದರಲ್ಲಿ ಮಾತ್ರ. ನಾಲ್ಕು ಜನ ಓದು ಬಲ್ಲವರು ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆವು. ಒಬ್ಬರಿಗೂ ಹೊಳೆಯಲಿಲ್ಲ. ನನಗಂತೂ ಆಗ ಕೂದಲು ಹೊಟ್ಟೆಗೆ ಹೋದರೆ ಕರುಳು ಗಂಟಾಗುತ್ತದೆಯೇ ಎಂಬುದರದೇ ಚಿಂತೆ.

ಮುಡಿಯ ಮಾತು ತೆಗೆದವರು ಯಜಮಾನರೇ. ಮನೆದೇವರ ಹರಕೆ ಬಾಕಿ ಇದೆ, ಅದಕ್ಕೇ ಮಕ್ಕಳಾಗಿಲ್ಲ, ದೇವರೇ ಅನ್ನದಲ್ಲಿ ಗುರುತು ತೋರಿಸುತ್ತಿದೆ, ಮುಡಿ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದರು. ಮಗ ತಲೆ ತಗ್ಗಿಸಿಕೊಂಡು, ಅಪ್ಪ ಹೇಳಿದ ಹಾಗೆ ಎಂದ. ಅಕ್ಕ ನಮ್ಮ ಕೋಣೆಯ ಮುಂದೆ ಬಂದು ನಿಂತು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಅಣ್ಣ, ನಿಮ್ಗೆ ಒಂದ್ಸಲಾನಾದ್ರೂ ಸಿಕ್ಕಿದ್ಯಾ? ನಿಜ ಏಳಿ.” ಇಲ್ಲ ಅಕ್ಕ ಎಂದೆ. ಜೊತೆಗಾರನೂ ಇಲ್ಲವೆಂದ. ನಾವು ಯಜಮಾನರ ಎದುರಿಗೂ ಅದನ್ನೇ ಹೇಳಿದೆವು. ಅವರು, ಹುಡುಗರು ಪಾಪ, ಅನ್ನದ ಋಣಕ್ಕೆ ಹೇಳ್ತಾರೆ ಎಂದು ತಳ್ಳಿಹಾಕಿದರು.

ಮನೆದೇವರಿಗೆ ಹೋಗಿ ಬಂದರು. ಅಕ್ಕ ಬಸ್ಸಿನಿಂದ ಇಳಿದು ಬರುವಾಗ, ತಲೆಯ ಮೇಲೆ ಸೆರಗು ನಿಲ್ಲದೆ ಜಾರುತ್ತಿತ್ತು. ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲವಲ್ಲ. ಹಚ್ಚಿದ ಶ್ರೀಗಂಧ ಒಣಗಿ ಬಿರುಕು ಬಿಟ್ಟಿತ್ತು. ಸಾಂಬ್ರಾಣಿಯ ಬುಟ್ಟಿಯನ್ನು ಅವರೇ ಒಳಗೆ ಒಯ್ದು ಬೆಕ್ಕು ಬಾರದಂತೆ ಮೊಸರಿನ ಗಡಿಗೆಯ ಮೇಲೆ ಕವುಚಿದರು.

ಒಂದಷ್ಟು ದಿನ ಯಜಮಾನರು ತೃಪ್ತಿಯಿಂದ ಉಂಡರು. ಆಮೇಲೆ ಒಂದು ಭಾನುವಾರ, ಮೊಸರು ಕಲಸಿ ತುತ್ತು ಎತ್ತಿದವರು ಹಾಗೇ ನಿಂತರು. ಬೆರಳು ತಟ್ಟೆಯಲ್ಲಿ ಏನನ್ನೋ ಅಟ್ಟಿಸಿಕೊಂಡು ಹೋಯಿತು. ಅಕ್ಕ ಸೌಟು ಹಿಡಿದು ಎದುರಿಗೇ ಇದ್ದರು, ತಲೆ ಬಿಳಿ ಬೂದುಗುಂಬಳದ ಹಾಗೆ. ಇನ್ನು ಮುಗಿಯಿತು, ಮುದುಕ ತಪ್ಪು ಒಪ್ಪಿಕೊಳ್ಳಲೇಬೇಕು ಅಂದುಕೊಂಡೆ. ಯಜಮಾನರು ಅನ್ನ ನೋಡಿದರು, ಸೊಸೆಯ ತಲೆ ನೋಡಿದರು, ಮತ್ತೆ ಅನ್ನ ನೋಡಿದರು.

“ಇದು ಅಳೇ ಕೂದ್ಲು” ಎಂದರು. “ಮನೇಲಿ ಎಲ್ಲೆಲ್ಲೋ ಉಳ್ಕಂಡಿರ್ತದೆ.”

ಅಕ್ಕ ಮಾರನೇ ದಿನ ಹೆಂಚಿನ ಸಂದಿಯಿಂದ ಹಿಡಿದು ಒರಳಿನ ಗುಳಿಯವರೆಗೆ ಇಡೀ ಮನೆ ತೊಳೆದರು.

ಯಜಮಾನರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನು. ಇದರಲ್ಲಿ ಬುದ್ಧಿವಂತಿಕೆಯೇನೂ ಇಲ್ಲ. ಅವರು ಆಕಾಶದಲ್ಲೂ ಕೂದಲು ಹಾರುತ್ತಿದೆ ಎಂದು ಒಂದು ದಿನ ಹಿತ್ತಿಲಲ್ಲಿ ಗೊಣಗಿದರು. ರಜಾ ಹಾಕಿ ಕಂಡವರ ಜೊತೆ ಆಸ್ಪತ್ರೆಗೆ ಹೋಗುವುದು ನನ್ನ ಹವ್ಯಾಸ, ನನ್ನದನ್ನೂ ತೋರಿಸಿಕೊಳ್ಳಬಹುದಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹನಿ ಹಾಕಿ, ದೀಪ ಬಿಟ್ಟು ನೋಡಿ, ಕಣ್ಣೊಳಗೇ ತೇಲುವ ಎಳೆಗಳು ಇವು, ಕೂದಲು, ಸೊಳ್ಳೆ, ಬಲೆ ಅಂತೆಲ್ಲ ಕಾಣುತ್ತವೆ, ಇದಕ್ಕೆ ಔಷಧ ಇಲ್ಲ, ಅಪಾಯವೂ ಇಲ್ಲ ಎಂದರು. ನನ್ನದನ್ನೂ ನೋಡಿ, ಈಗ ಏನಿಲ್ಲ, ನಿಮಗೂ ವಯಸ್ಸಾಗಲಿ, ಬರುತ್ತೆ ಎಂದು ನಕ್ಕರು. ಆಕೆಯ ಮಾತು ಫಲಿಸಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನರು ಕಿಟಕಿಯಾಚೆ ಆಕಾಶ ನೋಡುತ್ತ ಕೂತರು. ಮಲ್ಲೇಶ್ವರ ದಾಟಿದ ಮೇಲೆ, “ಆ ಡಾಕ್ಟ್ರಮ್ಮ ಯಾವತ್ತಾದ್ರೂ ಅಡ್ಗೆ ಮಾಡವ್ಳಾ?” ಎಂದು ಕೇಳಿದರು.

ಆ ಸಂಜೆ ಎಲ್ಲರ ಎದುರಿಗೆ ಡಾಕ್ಟರು ಹೇಳಿದ್ದನ್ನು ಹೇಳಿದೆ. ಮಗ, ಡಾಕ್ಟರಿಗೆ ಅಪ್ಪನ ಕಣ್ಣು ಗೊತ್ತಿರಬಹುದು, ನಮ್ಮ ಮನೆ ಗೊತ್ತಿಲ್ಲವಲ್ಲ ಎಂದ. ಅಕ್ಕ ಬಾಗಿಲ ಬಳಿ ನಿಂತಿದ್ದರು. “ಇನ್ನೊಂದ್ಸಲ ಏಳಿ ಅಣ್ಣ. ಎಲ್ಲಿತ್ತು ಅಂದ್ರು?” ಕಣ್ಣೊಳಗೆ ಎಂದೆ. “ಕಣ್ಣೊಳಗೆ” ಎಂದು ತಾವೂ ಒಂದು ಸಲ ಹೇಳಿಕೊಂಡರು. ಕೈ ತಲೆಯ ಮೇಲೆ ಹೋಯಿತು. ಅಲ್ಲಿ ಆಗತಾನೆ ರಾಗಿ ಮೊಳೆತ ಹಾಗೆ ಕೂದಲು ಚಿಗುರಿತ್ತು. ಒಳಗೆ ಹೋದರು.

ಔಷಧ ಇಲ್ಲ ಎಂಬ ಮಾತನ್ನು ಯಜಮಾನರು ನಂಬಲಿಲ್ಲ. ಇಲ್ಲದೆ ಏನು? ನಂದಿಬಟ್ಟಲ ಹೂವನ್ನು ಕಣ್ಣ ಮೇಲೆ ಇಟ್ಟುಕೊಂಡು ಮಲಗಿದರು. ಹರಳೆಣ್ಣೆ ನೆತ್ತಿಗೆ ತಟ್ಟಿಸಿಕೊಂಡರು, ಸೊಸೆಯ ಕೈಯಿಂದಲೇ. ಆಮೇಲೆ ಸಿಂಗಾಪುರದಲ್ಲಿ ಕಣ್ಣಿನ ಕಸ ತೆಗೆಯುವ ಒಬ್ಬ ಮುದುಕಿ ಇದ್ದಾಳೆಂದು ಯಾರೋ ಹೇಳಿದರು. ವಿದೇಶದ್ದಲ್ಲ, ಈಗಿನ ನಮ್ಮ ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ; ಆಗ ಅದು ಹಳ್ಳಿ. ಮಗ ಸೈಕಲ್ ಮೇಲೆ ಕೂರಿಸಿಕೊಂಡು ಹೋದ. ಮುದುಕಿ ಯಾವುದೋ ಸೊಪ್ಪಿನ ರಸ ಬಿಟ್ಟು, ಒದ್ದೆ ಬಟ್ಟೆ ಒತ್ತಿ, ಮಂತ್ರ ಹೇಳಿ, ಎಳೆದಳಂತೆ. ಬಂತು!

ಯಜಮಾನರು ಅದನ್ನು ವೀಳ್ಯದೆಲೆಯಲ್ಲಿ ಮಡಿಸಿ ತಂದಿದ್ದರು. ಊಟದ ಹೊತ್ತಿಗೆ ಸರಿಯಾಗಿ ನಮ್ಮೆಲ್ಲರ ನಡುವೆ ಬಿಡಿಸಿ ಇಟ್ಟರು. ಕಪ್ಪನೆಯ, ಮೊಳಕ್ಕೂ ಉದ್ದವಾದ ಕೂದಲು. ಮುದುಕಿಯ ಸೆರಗಿನಲ್ಲಿ ಇಂಥವು ಎಷ್ಟಿದ್ದವೋ!

“ನೋಡ್ರಪ್ಪ. ಕಣ್ಣೊಳ್ಗೇ ಇತ್ತು, ಡಾಕ್ಟ್ರು ಏಳಿದ್ದು ದಿಟ. ಆದ್ರೆ ಯಾರ್ದು? ಇಷ್ಟುದ್ದ ನಂದಾ? ನನ್ ಮಗಂದಾ?”

ಡಾಕ್ಟರ ಮಾತೂ ಉಳಿಯಿತು, ಅವರ ಮಾತೂ ಉಳಿಯಿತು. ಅಕ್ಕ ಬಗ್ಗಿ ಆ ಕೂದಲನ್ನು ಬಹಳ ಹೊತ್ತು ನೋಡಿದರು. ಕಳೆದುಹೋದದ್ದು ಸಿಕ್ಕರೆ ನೋಡುವ ಹಾಗೆ. “ನಂದೇ ಇರ್ಬೌದು ಮಾವ. ಈಗ ಒಳ್ಗಿಲ್ವಲ್ಲ. ಕೈ ತೊಳ್ಕೊಂಡು ಬನ್ನಿ” ಎಂದರು.

ಮುಂದಿನ ವಾರವೋ ಅದರ ಮುಂದಿನ ವಾರವೋ... ಯಜಮಾನರ ಬೆರಳು ಮೊಸರಿನ ಕಡೆಗೆ ಹೊರಟು ಅರ್ಧ ದಾರಿಯಲ್ಲಿ ನಿಂತದ್ದನ್ನು ನೋಡಿದೆ. ತಲೆ ಎತ್ತಿದರು. ಅಕ್ಕ ನೋಡುತ್ತಿದ್ದರು. ಈ ಸಲ ಯಜಮಾನರು ಕೂದಲಿನ ಮಾತೆತ್ತಲಿಲ್ಲ. ಕಲಸಿದರು, ನುಂಗಿದರು. ಮಾರನೇ ದಿನ, ಅನ್ನ ಯಾಕೋ ಒಗ್ಗುತ್ತಿಲ್ಲ, ನನಗೆ ಮುದ್ದೆ ಮಾಡವ್ವ ಎಂದರು. ಅದೆಷ್ಟೋ ವರ್ಷದ ಮೇಲೆ ಆ ಮನುಷ್ಯ ಮುದ್ದೆಗೆ ಮರಳಿದ್ದರು. ಕಪ್ಪು ಮುದ್ದೆ, ಕಪ್ಪು ಸಾರು, ಅದರ ಮೇಲೆ ಏನೂ ಕಾಣುವುದಿಲ್ಲ. ತಪ್ಪಾಯಿತು ಎಂದು ಅವರು ಹೇಳಿದ್ದು ಅಷ್ಟೇ. ಅದನ್ನೂ ಸೊಸೆಗೆ ಹೇಳಲಿಲ್ಲ, ತಟ್ಟೆಗೆ ಹೇಳಿದರು.

ಅಕ್ಕ ಮುದ್ದೆ ಮಾಡಿದರು. ಆದರೆ ಕೊನೆಯಲ್ಲಿ ತಪ್ಪದೆ ಒಂದು ದೊಡ್ಡ ಸೌಟು ಮೊಸರನ್ನ ತಂದು ಮಾವನ ತಟ್ಟೆಗೆ ಬಡಿಸುತ್ತಿದ್ದರು. ಅವರು ಬೇಡವೆಂದು ಕೈ ಅಡ್ಡ ಹಿಡಿದರೆ, “ಬ್ಯಾಡ ಅನ್ಬಾರ್ದು ಮಾವ. ಕಣ್ಣಿಗೆ ತಂಪು” ಎನ್ನುತ್ತಿದ್ದರು. ಎಷ್ಟು ಮೃದುವಾದ ದನಿ ಅದು! ಬೀದಿಯವರು ಕೇಳಿದ್ದರೆ ಇಂಥ ಸೊಸೆ ಇಲ್ಲ ಅನ್ನಬೇಕು. ಯಜಮಾನರು ತಲೆ ಎತ್ತದೆ ಅದನ್ನು ಮುಗಿಸುತ್ತಿದ್ದರು. ಆ ಬಿಳಿಯ ಮೇಲೆ ಏನೇನು ಈಜುತ್ತಿತ್ತೋ, ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು.

ಇನ್ನೊಂದು. ಅಕ್ಕ ಕೂದಲು ಬೆಳೆಯಲು ಬಿಡಲಿಲ್ಲ. ಒಂದು ಬೆರಳಷ್ಟು ಬಂದ ಕೂಡಲೇ ಹಿತ್ತಿಲಲ್ಲಿ ಕೂತು ಕತ್ತರಿಯಿಂದ ತಾವೇ ಕತ್ತರಿಸಿಕೊಳ್ಳುತ್ತಿದ್ದರು. ಗಂಡ ಗೋಗರೆದ. ಯಜಮಾನರು ಕೂಡ ಒಮ್ಮೆ, ಸಾಕು ಬುಡವ್ವ, ನೋಡಕ್ಕಾಗಲ್ಲ ಎಂದರು. ಬೆಳೆಸಿದರೆ ಮತ್ತೆ ಅನ್ನದಲ್ಲಿ ಸಿಗುತ್ತದೆ ಎಂಬುದೇ ಉತ್ತರ. ಮೋಟು ತಲೆಯ ಆ ಹೆಂಗಸು ಸೆರಗು ಹೊದೆಯದೆ, ನೆಟ್ಟಗೆ ಮಾವನ ಎದುರಿಗೆ ನಿಂತು ಎರಡು ಹೊತ್ತು ಬಡಿಸಿದರು. ಬೈಗುಳವಿಲ್ಲ, ಅಳುವಿಲ್ಲ. ರೈಲಿನ ಡ್ರೈವರನನ್ನು ಬಯ್ಯುವುದನ್ನೂ ಬಿಟ್ಟಿದ್ದರು. ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಮದುವೆಯಾಗಿ ಆ ಮನೆ ಬಿಟ್ಟೆ. ಹೊರಡುವ ದಿನ ಅಕ್ಕ ಮೊಸರನ್ನವನ್ನೇ ಕಟ್ಟಿಕೊಟ್ಟರು. ಚೆನ್ನಾಗಿ ನೋಡ್ಕೊಂಡು ತಿನ್ನಿ ಅಣ್ಣ ಎಂದರು. ತಮಾಷೆಗೆ ಅಂದರೋ ಏನೋ...

ಮೊನ್ನೆ ಮತ್ತೆ ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ಹನಿ ಹಾಕಿ ಹೊರಗೆ ಕೂರಿಸಿದರು. ಆ ಹನಿ ಹಾಕಿದರೆ ಎದುರಿಗಿರುವುದೆಲ್ಲ ಮಂಜು. ಪಕ್ಕದಲ್ಲಿ ಕೂತ ಮಂಜಿನಿಂದ ಪರಿಚಯದ ದನಿ ಕೇಳಿತು. ಯಶವಂತಪುರದ ನನ್ನ ಜೊತೆಗಾರ, ತುಪ್ಪಕ್ಕೆ ತಟ್ಟೆ ಒಡ್ಡಿದವನು. ಅವನಿಗೆ ಪೊರೆ. ಇಬ್ಬರಿಗೂ ಮುಖ ಕಾಣದೆ ಮಾತಾಡಿದೆವು. ಅವನು ಆ ಕಡೆಯೇ ಉಳಿದುಕೊಂಡವನು. ಅಕ್ಕ ಹೋಗಿಬಿಟ್ಟರು ಗುರು, ಎರಡು ವರ್ಷವಾಯಿತು ಎಂದ. ಯಜಮಾನರು ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ, ಆಮೇಲಾದರೂ ಕೂದಲು ಬಿಟ್ಟರೇ ಎಂದು ಕೇಳಿದೆ.

“ಇಲ್ಲ ಕಣೋ. ಕೊನೇವರ್ಗೂ ಹಂಗೇ. ಇನ್ನಾದ್ರೂ ಬಿಡಿ ಅಕ್ಕ ಅಂತ ನಾನೇ ಕೇಳ್ದೆ. ಬಾಚ್ಕೊಳ್ಳೋದೇ ಮರ್ತೋಯ್ತು ಕಣಣ್ಣ ಅಂದ್ರು.”

ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು. ಎಷ್ಟು ತೊಂದರೆ ಆಗ್ತಿದೆ ಎಂದು ಡಾಕ್ಟರು ಅದೇ ಪ್ರಶ್ನೆ ಕೇಳಿದರು. ನನಗೇನೂ ಇಲ್ಲ ಎಂದೆ. ಲೇಸರೂ ಬೇಡ, ಆಪರೇಷನ್ನೂ ಬೇಡ ಎಂದೆ. ಇದರಲ್ಲಿ ದೊಡ್ಡತನ ಹುಡುಕಬೇಡಿ. ಇರುವ ಕಣ್ಣೂ ಹೋದೀತೆಂಬ ಹೆದರಿಕೆಯೇ ಮುಕ್ಕಾಲು ಪಾಲು. ಇನ್ನು ಉಳಿದ ಕಾಲು ಪಾಲು...

ನಿನ್ನೆ ಮಧ್ಯಾಹ್ನ ಮತ್ತೆ ಮೊಸರನ್ನ. ಕಣ್ಣಿನ ಕೂದಲು ಎಂದಿನಂತೆ ತಟ್ಟೆಯಿಂದ ಗೋಡೆಗೆ, ಗೋಡೆಯಿಂದ ತಟ್ಟೆಗೆ ಓಡಾಡಿಕೊಂಡಿತ್ತು. ನಡುವೆ ನಾಲಿಗೆಗೆ ಏನೋ ತಾಗಿತು. ಎಳೆದೆ, ಬಂತು. ಇದು ಜಾರಿ ಹೋಗಲಿಲ್ಲ, ಬೆರಳಿಗೆ ಸುತ್ತಿಕೊಂಡಿತು. ಅರ್ಧ ಕಪ್ಪು, ಅರ್ಧ ನರೆ. ನಿಜವಾದ ಕೂದಲು. ಉಪ್ಪು ಸಾಕಾ ಎಂದು ಹೆಂಡತಿ ಅಡಿಗೆಮನೆಯಿಂದ ಕೇಳಿದಳು. ಎಲ್ಲ ಸರಿಯಾಗಿದೆ ಎಂದೆ. ಅದನ್ನು ತಟ್ಟೆಯ ಅಡಿಗೆ ಅಂಟಿಸಿ, ಉಳಿದ ಅನ್ನ ತಿಂದು ಮುಗಿಸಿದೆ.

ಅಕ್ಕನ ಕೈಯ ಊಟದಲ್ಲಿ ನನಗೆ ಒಂದು ಸಲವೂ ಹೀಗೆ ಸಿಕ್ಕಿರಲಿಲ್ಲ.